ಫೈನಲ್‌ನಲ್ಲಿ ಕಟ್ಟಿದ ಶೂ ಲೇಸ್

ಉತ್ತರ ಡಕೋಟಾ, ಮೇ 14

ಅಕ್ಕಾ,

ನಾನು ಕ್ಷೇಮ. ಇಲ್ಲಿ ಮೇ ತಿಂಗಳಲ್ಲೂ ಹಿಮ ಬೀಳುತ್ತದೆ, ಯಾರೂ ಅದರ ಮಾತೇ ಎತ್ತುವುದಿಲ್ಲ. ಬೇಸ್‌ಬಾಲ್ ಎಸೆತ ಕಲಿಸಲು ಹಿಡಿದು ಇಪ್ಪತ್ತೆರಡು ವರ್ಷವಾಯಿತು, ಇದು ಆರನೇ ಕಾಲೇಜು.

ಶನಿವಾರ ಫೈನಲ್ ಇತ್ತು. ನಮ್ಮ ಎಡಗೈ ಎಸೆತಗಾರ ಟಾಬಿನ್ ಎದುರಾಳಿಗಳಿಗೆ ಒಂದು ಓಟವನ್ನೂ ಬಿಟ್ಟುಕೊಟ್ಟಿರಲಿಲ್ಲ. ಅವನು ಬೆರಳು ಕೊಡವಿಕೊಳ್ಳುವುದು ಕಂಡು ಮೈದಾನದೊಳಗೆ ಹೋದೆ.

"ಕೈ ನೋಯ್ತಿದೆಯೇನೋ?"

"ಇಲ್ಲ ಕೋಚ್."

"ಸರಿ, ಶೂ ಲೇಸ್ ಬಿಚ್ಚಿ ಕಟ್ಟು."

ಬಿಚ್ಚಿದ. ಕಟ್ಟಲು ಆಗಲಿಲ್ಲ, ಬೆರಳುಗಳಲ್ಲಿ ಸ್ಪರ್ಶವೇ ಇರಲಿಲ್ಲ. ಎರಡು ಸಾವಿರ ಜನರೆದುರು ನಾನೇ ಕೂತು ಕಟ್ಟಿದೆ. ಏಳಲು ನನ್ನ ಮಂಡಿ ಒಪ್ಪಲಿಲ್ಲ, ಅವನೇ ಬಲಗೈ ಕೊಟ್ಟು ಎಬ್ಬಿಸಿದ. ಚೆಂಡು ಇಸಿದುಕೊಂಡು ಅವನನ್ನು ಹೊರಗೆ ಕಳಿಸಿದೆ. ಪಂದ್ಯ ಸೋತೆವು.

ವಾಪಸ್ಸು ಬರುವಾಗ ಮುಖ್ಯ ಕೋಚ್ ಗ್ರಾಡಿ ಬಸ್ಸಿನಲ್ಲಿ ಪಕ್ಕ ಕೂತು, "ನೀವು ಮಾಡಿದ್ದು ಸರಿ ಇರ್ಬಹುದು ಲೈಲ್. ಆದ್ರೆ ಬೇರೆ ಕಡೆ ಕೆಲಸ ನೋಡ್ಕೊಳ್ಳಿ," ಅಂದರು.

ಟಾಬಿನ್‌ಗೆ ಮೊಣಕೈ ನರ ಊದಿದೆಯಂತೆ. ಇನ್ನು ಹತ್ತು ಎಸೆತವಾಗಿದ್ದರೆ ಕೈಯೇ ಹೋಗುತ್ತಿತ್ತು, ಈಗ ಮೂರು ತಿಂಗಳು ಸುಮ್ಮನಿದ್ದರೆ ಸಾಕು ಅಂದರು ಡಾಕ್ಟರು. ನನ್ನ ಮಂಡಿಗೆ ಅಷ್ಟು ಭರವಸೆ ಕೊಡಲಿಲ್ಲ.

ಇವತ್ತು ಸಾಮಾನು ಕಟ್ಟುತ್ತಿದ್ದಾಗ ಟಾಬಿನ್ ಬಂದ.

"ಹೊಸ ಕಾಲೇಜಲ್ಲಿ ಎಡಗೈಯವರು ಬೇಕಾಗ್ತಾರಾ ಕೋಚ್?"

"ಮೊದಲು ನಾನು ಬೇಕಾ ಅಂತ ಕೇಳ್ತೀನಿ ಕಣಪ್ಪ. ಆಮೇಲೆ ನಿನ್ನ ವಿಷಯ."

"ಕಾಯ್ತೀನಿ," ಅಂತ ಪೆಟ್ಟಿಗೆ ಮೇಲೆ ಕೂತ. ಇನ್ನೂ ಅಲ್ಲೇ ಕೂತಿದ್ದಾನೆ.

ಈ ಪೋಸ್ಟ್‌ಕಾರ್ಡ್ ತುಂಬಿತು.

ನಿನ್ನ ತಮ್ಮ,
ಲೈಲ್