ಬಾನೆಟ್ಟಿನ ಮೇಲೆ ಇಟ್ಟ ಕೈ

ಬುಧವಾರ, ಬೆಳಗ್ಗೆ ಹನ್ನೊಂದು ಗಂಟೆ
ಡ್ರೈವಿಂಗ್ ಸ್ಕೂಲಿನ ಹಿಂದಿನ ಕೋಣೆ

ನಮ್ಮನೆ ಕನ್ನಡಕದವರಿಗೆ,

ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಅಕ್ಷರ ನೋಡಿ ನಗಬೇಡಿ. ಕಲಿಯಲು ಬರುವವರ ಹಾಜರಿ ಪುಸ್ತಕದಲ್ಲಿ ಗೀಟು ಎಳೆದು ಎಳೆದು ನನ್ನ ಕೈಗೆ ಬೇರೆ ಬರವಣಿಗೆಯೇ ಮರೆತುಹೋಗಿದೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ಬರೀ ಹೂಂ ಅನ್ನುತ್ತೀರಿ, ನೀವು ಹೂಂ ಅಂದರೆ ನನಗೆ ರೇಗುತ್ತದೆ, ರೇಗಿದರೆ ಹೇಳಬೇಕಾದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿ ಇಟ್ಟುಬಿಡುತ್ತೇನೆ. ನೀವು ಮನೆ ಬಿಟ್ಟು ನಿಮ್ಮ ಅಕ್ಕನ ಮನೆ ಸೇರಿದ ಈ ಮೂರು ವಾರವೂ ಇದೇ ಆಗಿದೆ.

ಅತ್ತಿಗೆ ಇವತ್ತು ಸಂಜೆ ನಿಮ್ಮ ಕಂದು ಸ್ವೆಟರ್ ಒಯ್ಯಲು ಬರುತ್ತಾರಂತೆ. ಇದನ್ನು ಅದರ ಜೇಬಿನಲ್ಲಿ ಇಡುತ್ತೇನೆ. ಅತ್ತಿಗೆಯ ಕೈಗೆ ಕೊಟ್ಟರೆ ದಾರಿಯಲ್ಲೇ ಓದಿಬಿಡುತ್ತಾರೆ.

ಮೊದಲು ವಿಷಯಕ್ಕೆ ಬರುತ್ತೇನೆ. ಶುಕ್ರವಾರ ನೀವು ಲೆನ್ಸ್ ಕತ್ತರಿಸುವ ಮಷೀನನ್ನು ಮಾರಬೇಡಿ. ನನಗೆ ಹೇಗೆ ಗೊತ್ತಾಯಿತು ಅನ್ನುತ್ತೀರಾ? ನಿಮಗೆ ಲೆನ್ಸ್ ಸರಬರಾಜು ಮಾಡುವವರು ನಿನ್ನೆ ಮನೆಗೆ ಫೋನ್ ಮಾಡಿ, ಮಷೀನಿನ ಕಾಗದಪತ್ರ ಮನೆಯಲ್ಲೇ ಇರಬೇಕು, ಹುಡುಕಿ ಇಡಿ, ಶುಕ್ರವಾರ ಕೊಳ್ಳುವವರು ಬರುತ್ತಾರೆ ಅಂದರು. ಯಾವ ಮಷೀನು, ಯಾರು ಕೊಳ್ಳುವವರು ಅಂತ ಕೇಳಿದರೆ ಪಾಪ, ಅವರೇ ತಬ್ಬಿಬ್ಬಾದರು. ಕಾಗದಪತ್ರ ಸಿಕ್ಕಿತು. ಬೀರುವಿನ ಕೆಳಗಿನ ಖಾನೆಯಲ್ಲಿ, ನಿಮ್ಮ ಹಳೆಯ ಅರೆಗಲ್ಲಿನ ಜೊತೆಯಲ್ಲೇ ಇತ್ತು. ನಿನ್ನೆಯಿಂದ ನಾನು ಅದನ್ನು ಸ್ಕೂಲಿನ ಚೀಲದಲ್ಲಿ ಹಾಕಿಕೊಂಡೇ ಓಡಾಡುತ್ತಿದ್ದೇನೆ.

ಆ ಮಷೀನು ಬರುವ ಮುಂಚೆ ಹನ್ನೊಂದು ವರ್ಷ ನೀವು ಒಂದೊಂದು ಗಾಜನ್ನೂ ಕೈಯಲ್ಲೇ ಅರೆದು ಫ್ರೇಮಿಗೆ ಕೂರಿಸುತ್ತಿದ್ದಿರಿ. ಹೆಬ್ಬೆರಳಿನ ಆ ಗಂಟು ಇನ್ನೂ ಹೋಗಿಲ್ಲ. ಮಷೀನು ಬಂದ ದಿನ ಅಂಗಡಿ ಮುಚ್ಚಿ ಮನೆಗೆ ಬಂದು, ಇವತ್ತು ನನ್ನ ಬೆರಳು ನೋಯುತ್ತಿಲ್ಲ ಅಂದಿರಿ. ಅದನ್ನು ಕೊಟ್ಟುಬಿಟ್ಟರೆ ನಿಮ್ಮ ಅಂಗಡಿಯಲ್ಲಿ ಉಳಿಯುವುದು ಕನ್ನಡಿ ಮತ್ತು ಖಾಲಿ ಫ್ರೇಮು. ಅದೂ ಯಾತಕ್ಕೆ? ನಾವು ಕೊಂಡ ಆ ಬಿಳಿಯಾನೆ ಕಾರಿನ ಎಂಜಿನ್ನಿಗೆ.

ಗಡ್ಡದ ಮೇಸ್ತ್ರಿಯ ಶೆಡ್ಡಿಗೆ ಸೋಮವಾರ ಹೋಗಿದ್ದೆ. ಕಾರು ಮೂಲೆಯಲ್ಲಿದೆ. ಸ್ಪ್ರಿಂಗಿನ ಬದಲು ಗಾಳಿಚೀಲದ ಮೇಲೆ ನಿಲ್ಲುವ ಕಾರಲ್ಲವೇ ಅದು, ಗಾಳಿ ಪೂರ್ತಿ ಇಳಿದು, ಮುಂದಿನ ಎರಡು ಚಕ್ರ ಮಡ್‌ಗಾರ್ಡಿನೊಳಗೆ ಮುಳುಗಿ, ಮೂತಿ ನೆಲಕ್ಕೆ ತಾಗುವಷ್ಟು ಕುಸಿದಿದೆ. ಮೇಲೆ ಯಾರೋ ಹಳೆಯ ಟೈರು ಇಟ್ಟಿದ್ದಾರೆ. ಎಂಜಿನ್ ಬಿಚ್ಚಿ ನೋಡಿದರಂತೆ. ಬಿಸಿಗೆ ಹೆಡ್ ಬಾಗಿದೆ, ಚೈನು ಸಡಿಲವಾಗಿ ತನ್ನ ದಾರಿಯನ್ನೇ ತೇಯ್ದುಕೊಂಡಿದೆ, ಎರಡರಲ್ಲಿ ಒಂದು ಟರ್ಬೋ ಹೋಗಿದೆ. ಒಟ್ಟು ಎಷ್ಟಾಗುತ್ತದೆ ಅಂತ ಕೇಳಿದೆ. ಮೇಸ್ತ್ರಿ ಗಡ್ಡ ಕೆರೆದುಕೊಂಡು, ನೀವು ಕಾರು ಕೊಂಡ ಬೆಲೆ ಎಷ್ಟು ಅಂತ ನನ್ನನ್ನೇ ಕೇಳಿದರು. ಹೇಳಿದೆ. ಅದಕ್ಕಿಂತ ಸ್ವಲ್ಪ ಜಾಸ್ತಿ ಅಂದರು.

ಬಿಡಿಭಾಗಕ್ಕೆ ನೀವು ಕೊಟ್ಟ ಬೆಲೆ ಗೊತ್ತಿಲ್ಲವಲ್ಲಮ್ಮಾ, ಅದು ಹೊಸದಾಗಿದ್ದಾಗ ಯಾವ ಸಾಹುಕಾರ ಕೊಂಡನೋ ಅವನ ಬೆಲೆಯೇ ಗೊತ್ತು ಅಂದರು ಮೇಸ್ತ್ರಿ. ಎಂಟು ವರ್ಷಕ್ಕೆ ಕಾರಿನ ಬೆಲೆ ಐದರಲ್ಲೊಂದು ಪಾಲಿಗೆ ಇಳಿಯಿತು, ರಿಪೇರಿಯ ಬೆಲೆ ಒಂದು ಮೆಟ್ಟಿಲೂ ಇಳಿಯಲಿಲ್ಲ. ಇದನ್ನು ನಾನು ಕಲಿಯಲು ಬರುವವರಿಗೆಲ್ಲ ಬಾಯಿಪಾಠದಂತೆ ಹೇಳುತ್ತಿದ್ದವಳು. ಹೇಳುವ ಬಾಯಿಗೂ ಕೇಳುವ ಕಿವಿಗೂ ಇರುವುದು ನಾಲ್ಕು ಬೆರಳ ದೂರ, ನನ್ನ ಮಾತು ಅದನ್ನೂ ದಾಟಲಿಲ್ಲ ನೋಡಿ.

ಒಂದು ವರ್ಷದಲ್ಲಿ ಅದು ನಮ್ಮನ್ನು ಕುಣಿಸಿದ್ದೇನು ಕಡಿಮೆಯೇ? ಮೊದಲ ವಾರವೇ ಬೆಳಗ್ಗೆ ಎದ್ದು ನೋಡಿದರೆ ಒಂದು ಮಗ್ಗುಲು ಕುಸಿದು ಕೂತಿತ್ತು. ಆ ಗಾಳಿಯ ಕಂಪ್ರೆಸರಿಗೆ ನನ್ನ ಎರಡು ತಿಂಗಳ ಸಂಬಳ ಹೋಯಿತು. ಆಮೇಲೆ ಸುಟ್ಟ ವಾಸನೆ. ಎಣ್ಣೆ ಸೋರಿ ಬಿಸಿ ಕೊಳವೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಸೋರುವುದನ್ನು ತಡೆಯುವ ರಬ್ಬರು ಒಂದು ಊಟದ ದುಡ್ಡಿಗೆ ಸಿಕ್ಕಿತು, ಅಲ್ಲಿಗೆ ಕೈ ತೂರಿಸಲು ಅರ್ಧ ಎಂಜಿನ್ ಬಿಚ್ಚಿದ ಕೂಲಿ ನಮ್ಮ ಒಂದು ತಿಂಗಳ ಬಾಡಿಗೆ. ಹೊಸ ಬ್ಯಾಟರಿ ಹಾಕಿಸಿದರೆ ಅದನ್ನು ಕಂಪ್ಯೂಟರ್ ಹಚ್ಚಿ ಕಾರಿಗೆ ಪರಿಚಯ ಮಾಡಿಸಬೇಕಂತೆ. ಪರಿಚಯಕ್ಕೆ ಬೇರೆ ದುಡ್ಡು. ನಮ್ಮಿಬ್ಬರ ಪರಿಚಯ ಪುಕ್ಕಟೆಯಾಗಿ ಆಗಿತ್ತು ಅಂತ ನೀವು ನಗಿಸಿದ್ದಿರಿ, ನೆನಪಿದೆಯಾ? ಆಗಿನ್ನೂ ನಾವು ನಗುತ್ತಿದ್ದೆವು.

ಎಲ್ಲದಕ್ಕೂ ಆ ನಗುಮುಖದ ದಲ್ಲಾಳಿಯೇ ಕಾರಣ. ಒಬ್ಬರೇ ಓಡಿಸಿದ್ದು, ಬಿಸಿಲಲ್ಲಿ ನಿಲ್ಲಿಸಿಲ್ಲ, ಎಲ್ಲ ಸರ್ವಿಸೂ ಆಗಿದೆ ಅಂತ ಹಲ್ಲು ಕಿರಿದು ನಮ್ಮ ಕಣ್ಣಿಗೆ ಮಣ್ಣೆರಚಿದ. ಹಳೆಯ ಕಾರು ಕೊಳ್ಳುವ ಮುಂಚೆ ಏನು ಮಾಡಬೇಕು ಅಂತ ಪಾಠ ಮುಗಿಯುವ ದಿನ ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ, ನಿಮಗೂ ನೂರು ಸಲ ಹೇಳಿದ್ದೇನೆ. ಮಾರುವವರ ಜೊತೆ ಮಾತಿಗೆ ನಿಲ್ಲುವ ಮುಂಚೆ ಬಾನೆಟ್ಟಿನ ಮೇಲೆ ಅಂಗೈ ಇಡಬೇಕು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವಾಗ ಒಳಗಿನ ರೋಗವೆಲ್ಲ ಬಾಯಿಬಿಡುತ್ತದೆ. ಅದು ಕೇಳಿಸಬಾರದು ಅಂತಲೇ ಕೆಲವರು ಮೊದಲೇ ಓಡಿಸಿ ಬಿಸಿ ಮಾಡಿಟ್ಟಿರುತ್ತಾರೆ. ಬೆಚ್ಚಗಿದ್ದರೆ ಒಂದು ಮಾತೂ ಆಡದೆ ವಾಪಸು ಬರಬೇಕು. ನಾನೂ ಅವತ್ತು ನಿಮ್ಮೆದುರೇ ಕೈ ಇಟ್ಟು ನೋಡಿದೆನಲ್ಲ. ತಣ್ಣಗಿತ್ತು. ಅಷ್ಟು ಮಾಡಿಯೂ ಮೋಸ ಹೋದೆವು ಅಂದರೆ ಹಣೆಬರಹ ಅನ್ನಬೇಕು.

ಇಲ್ಲಿ ಎಲ್ಲ ಹಾಗೇ ನಡೆದಿದೆ. ಬೆಳಗ್ಗೆ ಆರಕ್ಕೆ ಮೊದಲ ಪಾಠ. ಈಗ ಬ್ಯಾಂಕಿನ ಒಬ್ಬ ಗುಮಾಸ್ತೆ ಬರುತ್ತಾಳೆ, ಎದುರಿಗೆ ಸೈಕಲ್ ಕಂಡರೂ ಸ್ಟೇರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಳ್ಳುತ್ತಾಳೆ. ಕೈ ಹಿಡಿದು ಸ್ಟೇರಿಂಗ್ ಮೇಲೆ ಇಡಿಸಿದರೆ, ಅಯ್ಯೋ ಮೇಡಂ ನಿಮ್ಮ ಕೈ ಐಸು ಅಂತ ಇನ್ನಷ್ಟು ಬೆಚ್ಚುತ್ತಾಳೆ. ನೀವಂತೂ ಕಪ್ಪೆ ಮುಟ್ಟಿದ ಹಾಗಿದೆ ಅಂತ ಹತ್ತೊಂಬತ್ತು ವರ್ಷದಿಂದ ಗೊಣಗಿದ್ದೀರಿ. ಆದರೂ ದಿನಾ ಬೆಳಗ್ಗೆ ಕಾಫಿ ಲೋಟ ನನ್ನ ಎರಡು ಕೈಗಳ ನಡುವೆ ಇಟ್ಟು, ಬಿಸಿ ಮಾಡ್ಕೊಂಡು ಹೋಗು ಅನ್ನುತ್ತಿದ್ದಿರಿ. ಈಗ ನಾನೇ ಕಾಫಿ ಮಾಡಿಕೊಂಡು ನಿಂತಲ್ಲೇ ಕುಡಿದು ಓಡುತ್ತೇನೆ. ನೀವಿಲ್ಲದೆ ಮನೆ ಚೆನ್ನಾಗಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆಯೇನೂ ಇಲ್ಲ.

ಮೇಸ್ತ್ರಿ ಇನ್ನೊಂದು ಮಾತು ಹೇಳಿದರು. ಹೋದ ವಾರ ನೀವೊಬ್ಬರೇ ಶೆಡ್ಡಿಗೆ ಬಂದಿದ್ದಿರಂತೆ. ಗುಜರಿಗೆ ಹಾಕಿಬಿಡಿ ಸಾರ್ ಅಂತ ಅವರೇ ಹೇಳಿದರೂ ಕೇಳದೆ, "ನನ್ನಿಂದ ಹಾಳಾದದ್ದು, ನಾನೇ ಸರಿ ಮಾಡಿಸ್ತೀನಿ. ಅವಳಿಗೆ ಆ ಕಾರು ಅಂದ್ರೆ ಪ್ರಾಣ" ಅಂದಿರಂತೆ. ಅದನ್ನು ಕೇಳಿ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಸ್ಕೂಲಿನ ಕಾರಿನಲ್ಲಿ ಕೂತೆ. ಅಭ್ಯಾಸಬಲ, ಕೂತದ್ದು ಪಕ್ಕದ ಸೀಟಿನಲ್ಲೇ. ಓಡಿಸುವವರು ಯಾರೂ ಇಲ್ಲ ಅಂತ ನೆನಪಾಗಲು ಎಷ್ಟೋ ಹೊತ್ತು ಹಿಡಿಯಿತು.

ಅದಕ್ಕೇ ಈಗ ಹೇಳುತ್ತೇನೆ, ಕೇಳಿ. ಅದು ನಿಮ್ಮಿಂದ ಹಾಳಾದದ್ದಲ್ಲ.

ನೀವು ಅತ್ತಿಗೆಯನ್ನು ಕರೆತರಲು ಸ್ಟೇಷನ್ನಿಗೆ ಹೊರಟ ದಿನದ ಹಿಂದಿನ ದಿನ ನಾನು ಓಡಿಸುವಾಗಲೇ, ಎಂಜಿನ್ ಕಾದಿದೆ ಅನ್ನುವ ಆ ಕೆಂಪು ದೀಪ ಹತ್ತಿತ್ತು. ಬಾನೆಟ್ ಎತ್ತಿ ನೋಡಿದೆ. ಎಂಜಿನ್ ತಂಪು ಮಾಡುವ ನೀರಿನ ಪ್ಲಾಸ್ಟಿಕ್ ಕೊಳವೆ ಎಂಟು ವರ್ಷದ ಬಿಸಿಗೆ ಬಿಸ್ಕತ್ತಿನಂತೆ ಬಿರುಕು ಬಿಟ್ಟಿತ್ತು. ಕುಡಿಯುವ ಬಾಟಲಿಯ ನೀರು ಸುರಿದೆ, ದೀಪ ಆರಿತು, ಬಾನೆಟ್ ಮುಚ್ಚಿದೆ. ನಿಮಗೆ ಹೇಳಲಿಲ್ಲ. ಇನ್ನೊಂದು ರಿಪೇರಿ ಅಂತ ಬಾಯಿಬಿಡಲು ನನಗೆ ಧೈರ್ಯ ಸಾಲಲಿಲ್ಲ. ಮಾರನೆಯ ದಿನ ನೀವು ಹೊರಡುವಾಗ, ಏನಾದ್ರೂ ದೀಪ ಹತ್ತಿದರೆ ಏನು ಮಾಡಲಿ ಅಂತ ಕೇಳಿದಿರಿ. ಆ ಕಾರಿಗೆ ದೀಪ ಹಚ್ಚುವ ಚಟ, ತಲೆ ಕೆಡಿಸಿಕೊಳ್ಳಬೇಡಿ ಅಂದವಳು ನಾನು. ನೀವು ನನ್ನ ಮಾತು ಕೇಳಿದಿರಿ, ಅಷ್ಟೇ.

ಸ್ಟೇಷನ್ನಿನಿಂದ ವಾಪಸು ಬರುವಾಗ ಸೇತುವೆಯ ಮೇಲೆ ಹೊಗೆ ಕಾರುತ್ತಾ ನಿಂತ ಕಾರಿನ ಹತ್ತಿರ ನಾನು ಓಡಿ ಬಂದಾಗ, ಎಳೆದೊಯ್ಯುವ ಲಾರಿಯವರು, ಮೇಸ್ತ್ರಿ, ಅತ್ತಿಗೆ ಎಲ್ಲರೂ ಇದ್ದರು. ಎಲ್ಲರೆದುರು ನಾನು ಅಂದದ್ದು ನಿಮಗೆ ಮರೆತಿರಲಾರದು. "ಕಣ್ಣಿನ ಅಂಗಡಿ ಇಟ್ಕೊಂಡಿದ್ದೀರಿ, ಕೆಂಪು ದೀಪ ಕಾಣಿಸಲಿಲ್ವಾ?" ನೀವು ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡಿರಿ. ಲಾರಿಯವರು ನಕ್ಕರು. ನಾನು ಅನ್ನಬಾರದಿತ್ತು ಅನ್ನುವುದು ಅನ್ನುವಾಗಲೇ ಗೊತ್ತಿತ್ತು. ಆದರೆ ಬೆರಳು ನಿಮ್ಮ ಕಡೆ ತೋರಿಸದಿದ್ದರೆ ಅದು ನನ್ನ ಕಡೆಯೇ ತಿರುಗುತ್ತಿತ್ತು.

ಆಮೇಲಾದರೂ ಹೇಳಬಹುದಿತ್ತು. ಮೂರು ದಿನ ನೀವು ಮನೆಯಲ್ಲಿ ಸದ್ದಿಲ್ಲದೆ ಓಡಾಡಿದಿರಿ. ನಾಲ್ಕನೆಯ ದಿನ ಬಟ್ಟೆ ತುಂಬಿಕೊಳ್ಳುವಾಗ ನಾನು ಬಾಗಿಲಲ್ಲೇ ನಿಂತಿದ್ದೆ. ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಅಂಟಿಕೊಂಡಿತು. ಊರವರೆಲ್ಲ ಬ್ರೇಕಮ್ಮ ಅನ್ನುವ ಹೆಂಗಸು ನಾನು, ಕಲಿಯುವವರು ತಪ್ಪುವ ಮುಂಚೆಯೇ ನನ್ನ ಕಾಲು ಬ್ರೇಕಿನ ಮೇಲಿರುತ್ತದೆ. ನನ್ನ ಮನೆಯ ವಿಷಯದಲ್ಲಿ ಮಾತ್ರ ಆ ಕಾಲು ಏಳಲೇ ಇಲ್ಲ.

ಈಗ ಏನು ಮಾಡಬೇಕು ಅಂತ ನನಗೆ ತಿಳಿಯದು. ಸರಿ ಮಾಡಿಸುವ ಶಕ್ತಿ ನಮಗಿಲ್ಲ. ಕೊಳ್ಳುವವರು ಸಿಗುವುದಿಲ್ಲ. ಮೂವರು ಬಂದು, ಬಾಗಿಲು ತೆಗೆದು, ಚರ್ಮದ ಸೀಟು ಸವರಿ, ಹೋದರು. ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ. ಹೋಗಲಿ ಬಿಡಿ, ತೂಕಕ್ಕೇ ಹೋಗಲಿ. ಮಷೀನು ಮಾತ್ರ ಇರಲಿ. ಕಾಗದಪತ್ರ ನಾನು ಕೊಡುವುದಿಲ್ಲ. ಅದಿಲ್ಲದೆಯೂ ಮಾರಬಹುದು ಅಂತ ಸರಬರಾಜಿನವರು ಹೇಳಿದರು, ಅದೂ ನನಗೆ ಗೊತ್ತು. ನಿಮ್ಮನ್ನು ತಡೆಯಲು ನನ್ನ ಹತ್ತಿರ ಇರುವುದು ಈ ಕಾಗದ ಒಂದೇ.

ನೀವು ಬಂದೇ ಬರಬೇಕು ಅಂತ ಹಟ ಮಾಡುವ ಮುಖ ನನಗೆ ಉಳಿದಿಲ್ಲ. ಸ್ವೆಟರಿನ ಎರಡನೆಯ ಗುಂಡಿ ಸಡಿಲವಾಗಿತ್ತು, ಹೊಲಿದಿದ್ದೇನೆ.

ಇಂತಿ,
ಯಾವ ಬ್ರೇಕನ್ನೂ ಸಮಯಕ್ಕೆ ಒತ್ತದ
ನಿಮ್ಮ ಬ್ರೇಕಮ್ಮ

ಮತ್ತೆ: ಮಡಿಸಿ ಜೇಬಿನಲ್ಲಿ ಇಟ್ಟಿದ್ದೆ, ಮತ್ತೆ ತೆಗೆದೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳು ಉಳಿದುಕೊಂಡಿದೆ. ಅವತ್ತು ದಲ್ಲಾಳಿಯ ಅಂಗಳದಲ್ಲಿ ಬಾನೆಟ್ ತಣ್ಣಗಿರಲಿಲ್ಲ. ಕೈ ಇಟ್ಟೊಡನೆ ಗೊತ್ತಾಯಿತು, ಚೆನ್ನಾಗಿ ಕಾದಿತ್ತು. ಯಾರೋ ಆಗತಾನೆ ಓಡಿಸಿ ನಿಲ್ಲಿಸಿದ್ದರು. ವಾಪಸು ಹೋಗೋಣ ಅಂತ ಹೇಳಲು ತಿರುಗಿದೆ. ಆದರೆ ಅಷ್ಟು ವರ್ಷ ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ತಪ್ಪಿಗೆ ಬ್ರೇಕು ಒತ್ತಿದವಳಿಗೆ, ಆ ಕಾರನ್ನು ಒಂದೇ ಒಂದು ಸಲ ಮನಸಾರೆ ಓಡಿಸಬೇಕು ಅನ್ನಿಸಿಬಿಟ್ಟಿತ್ತು. "ತಣ್ಣಗಿದೆಯಾ?" ಅಂತ ನೀವು ಕೇಳಿದಿರಿ. ತಣ್ಣಗಿದೆ ಅಂದೆ. ಅಂದು, ಅದೇ ಕೈಯಿಂದ ನಿಮ್ಮ ಕೈ ಹಿಡಿದುಕೊಂಡೆ. ನೀವು ನನ್ನ ಮುಖ ನೋಡಿ, "ಇವತ್ತು ನಿನ್ನ ಕೈ ಎಷ್ಟು ಬೆಚ್ಚಗಿದೆ. ಅಷ್ಟು ಖುಷಿಯಾಗಿದ್ರೆ ತಗೊಂಡುಬಿಡೋಣ" ಅಂದಿರಿ.