ತಕ್ಕಡಿಯಿಂದ ಇಳಿಸಿದ ತಂಬಿಗೆ

ಕಲೂರ್, ಕೊಚ್ಚಿ
14 ಜುಲೈ 2024, ಭಾನುವಾರ

ಪ್ರೀತಿಯ ತಮ್ಮ ಶ್ರೀಪತಿಗೆ,

ಹೇಗಿದ್ದೀ? ಸೊಂಟನೋವು ಕಡಿಮೆಯಾಯಿತೇ? ಆಲುವಾ ಹೊಳೆಯ ದಂಡೆಯಲ್ಲಿ ಅಮ್ಮನಿಗೆ ಪಿಂಡ ಬಿಡುವಾಗ ನೀನು ಸೊಂಟ ಹಿಡಿದುಕೊಂಡದ್ದನ್ನು ನೋಡಿದ್ದೆ. ವಿಚಾರಿಸೋಣ ಎನ್ನುವಷ್ಟರಲ್ಲಿ ನೀನು ಒದ್ದೆ ಪಂಚೆಯನ್ನು ಚೀಲಕ್ಕೆ ತುರುಕಿ ಅಲ್ಲಿಂದಲೇ ತಿರುವನಂತಪುರಕ್ಕೆ ಹೊರಟುಬಿಟ್ಟೆ. ನಿರ್ಮಲ ಹುಷಾರಾಗಿದ್ದಾಳೆಯೇ? ಮಗಳು ಸಂಹಿತಾ ಈಗಲೂ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲೇ ಉತ್ತರ ಕೊಡುತ್ತಾಳೆಯೇ? ಫೋನಿನಲ್ಲಿ ಅಮ್ಮನ ಮಾತೆತ್ತಿದರೆ ನೀನು "ಮತ್ತೆ ಮಾಡ್ತೇನೆ ಅಕ್ಕ" ಎಂದು ಇಟ್ಟುಬಿಡುತ್ತೀ. ಕಾಗದವನ್ನಾದರೆ ಕೊನೆಯವರೆಗೆ ಓದುತ್ತೀ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಪಾಲಿನ ಪತ್ರ ಆಗುವ ಮೊದಲು ಅಮ್ಮನ ಸಾಮಾನಿಗೂ ಬೆಲೆ ಕಟ್ಟಿಸಿಡಿ ಎಂದು ವಕೀಲರು ಹೇಳಿದ್ದರಲ್ಲ. "ಎಲ್ಲ ಮಾರಿಬಿಡು, ಆ ಮನೆಯಿಂದ ನನಗೊಂದು ಚಮಚವೂ ಬೇಡ" ಎಂದೆ ನೀನು. ಬಳೆ, ಮೂಗುಬೊಟ್ಟಿನದು ಮುಗಿಯಿತು. ನಿನ್ನೆ ಪಾತ್ರೆಗಳನ್ನು ನೋಡಲು ಹಳೆ ಪಾತ್ರೆ ಕೊಳ್ಳುವ ವರ್ಗೀಸ್ ಚೇಟ್ಟನ್ ಬಂದಿದ್ದರು. ಒಳ್ಳೆಯ ಮನುಷ್ಯ. ಆದರೆ ತಕ್ಕಡಿಯನ್ನು ಅಮ್ಮ ತರಕಾರಿ ಹೆಚ್ಚಲು ಕೂರುತ್ತಿದ್ದ ಜಾಗದಲ್ಲೇ ಇಟ್ಟರು. ಅಮ್ಮನ ಕನ್ನಡಕ ಪಾತ್ರೆಗಳ ನಡುವೆ ಸೇರಿತ್ತು. "ಇದಿನು ವಿಲ ಇಲ್ಲ ಚೇಚ್ಚೀ" ಎಂದು ಕೈಗೆ ಕೊಟ್ಟರು. ಬೆಲೆಯಿಲ್ಲವಂತೆ. ಅದರ ಕಡ್ಡಿಗೆ ಅವಳ ತಲೆಯ ಎಣ್ಣೆ ಇನ್ನೂ ಅಂಟಿಕೊಂಡಿದೆ, ನಾನು ಒರೆಸಿಲ್ಲ.

ನಮ್ಮ ಪಾತ್ರೆಗಳಲ್ಲೆಲ್ಲ ಹೆಸರು ಕೊರೆಸಿದ್ದು ನಿನಗೆ ಗೊತ್ತಲ್ಲ. ಸೊಸೆಯ ಹೆಸರು ಕೊರೆಸಿದ ತಂಬಿಗೆಯಲ್ಲಿ ನೀರು ತುಂಬಿ, ಹೊಸಿಲಲ್ಲಿ ಅವಳ ಕೈಗೆ ಕೊಟ್ಟು ಒಳಗೆ ಕರೆಯುವುದು ನಮ್ಮ ಮನೆಯ ಕ್ರಮ. ಅಜ್ಜಿ ಕೊಟ್ಟ 'ಸರೋಜಿನಿ' ತಂಬಿಗೆಯಲ್ಲೇ ಅಮ್ಮ ಕೊನೆಯವರೆಗೂ ನೀರು ಕುಡಿದಳು. ನೀನು ನಿರ್ಮಲಳನ್ನು ರಿಜಿಸ್ಟರ್ ಮದುವೆಯಾದ ದಿನ ಅವಳು ಹೇಳಿದ ಮಾತನ್ನು ನೀನೂ ಮರೆತಿಲ್ಲ, ನಾನೂ ಮರೆತಿಲ್ಲ: "ಆ ಹುಡುಗಿಯ ಹೆಸರು ನನ್ನ ಮನೆಯ ಪಾತ್ರದಲ್ಲಿ ಬೀಳ್ಲಿಕ್ಕಿಲ್ಲ." ಅಂದಿನಿಂದ ನೀನು ಈ ಮೆಟ್ಟಿಲು ಹತ್ತಲಿಲ್ಲ. ಅವಳಾದರೂ ನಿನ್ನ ಹುಟ್ಟಿದಹಬ್ಬಕ್ಕೆ ಪಾಯಸ ಮಾಡಿ, ತಾನು ಮುಟ್ಟದೆ, "ಅವ ಒಮ್ಮೆ ಬರ್ಲಿ, ಮತ್ತೆ ನೋಡುವ" ಎನ್ನುತ್ತಿದ್ದಳು. ಬಾ ಎಂದು ಕರೆಯುವುದಕ್ಕೆ ಮಾತ್ರ ಹಟ.

ಅಟ್ಟದ ಪೆಟ್ಟಿಗೆಯ ತಳದಲ್ಲಿ, ರವಿಕೆಕಣದಲ್ಲಿ ಸುತ್ತಿದ ಹಿತ್ತಾಳೆ ತಂಬಿಗೆಯೊಂದಿತ್ತು. ಹೊಸದು, ನೀರು ಕಂಡದ್ದೇ ಅಲ್ಲ. ಮೇಲೆ ಮಲಯಾಳ ಅಕ್ಷರ. ಇಷ್ಟು ವರ್ಷ ಇಲ್ಲಿದ್ದರೂ ಬಸ್ಸಿನ ಬೋರ್ಡು ಬಿಟ್ಟರೆ ನನಗೆ ಆ ಲಿಪಿ ಓದಲು ಬಾರದು. ಅಮ್ಮನಿಗೆ ಅದೂ ಬರುತ್ತಿರಲಿಲ್ಲ. ನೆರೆಯವರು ಯಾರೋ ಕೊಟ್ಟ ಉಡುಗೊರೆ ಇರಬೇಕೆಂದು ನಾನೇ ತಕ್ಕಡಿಗೆ ಹಾಕಿದೆ. ಹೆಸರಿದ್ದರೆ ಬೆಲೆ ಕಡಿಮೆ ಎಂದು ಬೆಳಗಿನಿಂದ ಗೊಣಗುತ್ತಿದ್ದ ವರ್ಗೀಸ್ ಚೇಟ್ಟನ್ ಅದನ್ನೆತ್ತಿ ಹೆಬ್ಬೆರಳಲ್ಲಿ ಉಜ್ಜಿ, "ಆರಾ ಚೇಚ್ಚೀ ಈ ನಿರ್ಮಲ?" ಎಂದರು, ಯಾರು ಈ ನಿರ್ಮಲ ಎಂದು.

ಅವರಿಂದ ಇನ್ನೊಮ್ಮೆ ಓದಿಸಿದೆ. ಅಮ್ಮ ಯಾವಾಗ ಹೋಗಿ ಕೊರೆಸಿದಳೋ, ಯಾರಿಂದ ಬರೆಸಿದಳೋ ತಿಳಿಯದು. ತನಗೆ ಓದಲು ಬಾರದ ಅಕ್ಷರವಾದರೂ ಸರಿ, ನಿರ್ಮಲಳಿಗೆ ಓದಲು ಬರಬೇಕೆಂದು ಅವಳಿಗೆ ಅನ್ನಿಸಿರಬೇಕು. ಪಕ್ಕದ ಕೋಣೆಯಲ್ಲೇ ಇದ್ದೆನಲ್ಲ, ನನಗಾದರೂ ಒಂದು ಮಾತು ಹೇಳಬಾರದಿತ್ತೇ?

ಊಟ ತಪ್ಪಿಸಬೇಡ. ಸೊಂಟಕ್ಕೆ ಎಣ್ಣೆ ಹಚ್ಚಿಸಿಕೋ. ನಿರ್ಮಲಳಿಗೆ ನನ್ನ ನೆನಪು ಹೇಳು, ಸಂಹಿತಾಳ ಕೆನ್ನೆಗೊಂದು ಮುತ್ತು.

ನಿನ್ನ ಅಕ್ಕ,
ಚಂದ್ರಾವತಿ

ಮರೆತೆ: ತಂಬಿಗೆಗೆ ಎಷ್ಟು ಬರೆಯಲಿ ಎಂದು ವರ್ಗೀಸ್ ಚೇಟ್ಟನ್ ಕೇಳಿದಾಗ, ಅದು ಅಮ್ಮನದಲ್ಲ, ತಿರುವನಂತಪುರದಲ್ಲಿರುವವಳದ್ದು ಎಂದು ಇಳಿಸಿಕೊಂಡೆ. ಆದ್ದರಿಂದ ಅದು ನಮ್ಮ ಪಾಲಿಗೆ ಸೇರುವುದಿಲ್ಲ. ಕೊರಿಯರಿನಲ್ಲಿ ಕಳಿಸುವ ವಸ್ತುವೂ ಅಲ್ಲ. ಹುಣಸೆಹುಳಿ ಹಾಕಿ ಬೆಳಗಿ ಇಟ್ಟಿದ್ದೇನೆ. ವೈಟ್ಟಿಲ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಫೋನ್ ಮಾಡು, ನಾನು ಅದರಲ್ಲಿ ನೀರು ತುಂಬಿಕೊಂಡು ಬಾಗಿಲಲ್ಲಿ ನಿಂತಿರುತ್ತೇನೆ. ಮೆಟ್ಟಿಲು ಹತ್ತುವಾಗ ನಿರ್ಮಲ ಮುಂದೆ ಇರಲಿ.