ಅಕ್ಕನ ಕಡಲೆಹಿಟ್ಟಿನ ಬಿಸ್ಕತ್ತು

ಮಾರ್ಚ್ 4, ಶುಕ್ರವಾರ

ಹೊಸ ವರ್ಷದ ಹಬ್ಬಕ್ಕೆ ಮೊಳಕೆ ಕಟ್ಟಲು ಗೋಧಿ ನೆನೆಹಾಕಿದ್ದಾಯಿತು. ಕಾರುಬಾರೆಲ್ಲ ತೂಬಾ ಅಕ್ಕನದೇ. ಸೋಫಾದ ಮೇಲೆ ದಿಂಬಿಗೊರಗಿ ಕೂತು ಹುಕುಂ. ಎದೆ ಕೊಯ್ದು ಹೊಲಿದು ಎರಡು ತಿಂಗಳಾಗಿಲ್ಲ, ಬಾಯಿ ಮಾತ್ರ ಮೊದಲಿಗಿಂತ ಗಟ್ಟಿ.

"ಹ್ಯಾಂಬರ್ಗಿಗೆ ಬಂದು ಕೂದಲು ಬೆಳ್ಳಗಾಯ್ತು, ಒಂದು ತಟ್ಟೆ ಮೊಳಕೆ ಕಟ್ಟೋಕೆ ಬರಲ್ಲ ನಿಂಗೆ, ಗೌಹರ್. ಅದು ಗೋಧಿ ಕಣೇ, ಎಮ್ಮೆ ಅಲ್ಲ. ಅಷ್ಟು ನೀರು ಯಾಕೆ?"

ನಿನ್ನೆ ಗುರುವಾರ. ಫರಾಮರ್ಜನ ಫೋನ್ ಬಂದಿತ್ತು. ಅಕ್ಕನಿಗೆ ಒಬ್ಬನೇ ಮಗ, ನಮ್ಮೂರು ಬುಶೆಹರ್ ಬಂದರಿನಲ್ಲಿ ಹಡಗು ಎಳೆಯುವ ಟಗ್‌ಬೋಟ್ ಓಡಿಸುತ್ತಾನೆ. ಹೊಸ ವರ್ಷ ಹುಟ್ಟುವ ಗಳಿಗೆಗೆ ಸರಿಯಾಗಿ ಮತ್ತೆ ಫೋನ್ ಮಾಡುತ್ತೇನೆ ಅಂದನಂತೆ. ಪ್ರತಿ ವರ್ಷ ಅವನದೇ ಮೊದಲ ಫೋನ್. ಗುರುವಾರ ಅವನು ಮಾತಾಡಿದರೆ ಶುಕ್ರವಾರ ನನಗೆ ಬೈಗುಳ ಜಾಸ್ತಿ. ಖುಷಿ ಅವಳಿಗೆ.

ಮಾರ್ಚ್ 9, ಬುಧವಾರ

ಬರೆಯಲು ಕೈ ಬಂದಿರಲಿಲ್ಲ.

ಸೋಮವಾರ ಸೂಪರ್ ಮಾರ್ಕೆಟ್‌ನಲ್ಲಿದ್ದೆ. ಕೈಯಲ್ಲಿ ಮೊಸರಿನ ಡಬ್ಬಿ. ಊರಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. ಹಡಗು ಎಳೆಯುವಾಗ ಹಗ್ಗ ಹರಿಯಿತಂತೆ. ಹರಿದ ಹಗ್ಗ ಫರಾಮರ್ಜನ ಎದೆಗೆ ಹೊಡೆದು ನೀರಿಗೆ ಕೆಡವಿತಂತೆ. ಮಣ್ಣೂ ಮಾಡಿಯಾಗಿತ್ತು. "ತೂಬಾಗೆ ಈಗಲೇ ಹೇಳ್ಬೇಡ. ಅವಳ ಎದೆ ತಡೆಯಲ್ಲ."

ಮೊಸರಿಗೆ ದುಡ್ಡು ಕೊಟ್ಟೆನೋ ಇಲ್ಲವೋ ನೆನಪಿಲ್ಲ. ಮನೆ ತಲುಪಿದೆ.

"ಮೊಸರು ತರೋಕೆ ಇಷ್ಟು ಹೊತ್ತಾ? ಹಸು ಹುಡುಕ್ಕೊಂಡು ಹೋಗಿದ್ಯಾ?"

"ರಶ್ ಇತ್ತಕ್ಕ."

ಫರಾಮರ್ಜನನ್ನು ಎರಡು ವರ್ಷ ಎತ್ತಿ ಆಡಿಸಿದ್ದು ನಾನು. ಈಗ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ.

ಗೋಧಿ ಚೆನ್ನಾಗಿ ಎದ್ದಿದೆ. ಸಾವಾದ ಮನೆಯಲ್ಲಿ ಆ ವರ್ಷ ಮೊಳಕೆ ಬೆಳೆಸುವುದಿಲ್ಲ. ಎಸೆಯಲಾರೆ. ಎಸೆದರೆ ಯಾಕೆ ಅನ್ನುತ್ತಾಳೆ.

ಮಾರ್ಚ್ 10, ಗುರುವಾರ

ಫೋನ್ ಪಕ್ಕದಲ್ಲಿಟ್ಟುಕೊಂಡು ಬೆಳಿಗ್ಗೆಯಿಂದ ಕೂತಿದ್ದಳು. ಟಗ್‌ಬೋಟ್ ದೂರದ ದ್ವೀಪದ ಕಡೆ ಹೋಗಿದೆ, ಅಲ್ಲಿ ಸಿಗ್ನಲ್ ಇಲ್ಲ ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು.

"ಹಬ್ಬದ ಹೊತ್ತಿಗಾದ್ರೂ ದಡಕ್ಕೆ ಬರ್ತಾನಾ?"

"ಬರ್ತಾನೆ."

ಮಾರ್ಚ್ 12, ಶನಿವಾರ

ದಾರಾಬ್ ಮಾಮನ ಅಂಗಡಿಗೆ ಹೋಗಿದ್ದೆ. ಇಲ್ಲಿನ ನಮ್ಮ ಜನಕ್ಕೆಲ್ಲ ಅವನೇ ಹಿರಿಯ. ಒಣಹಣ್ಣಿನ ಮೂಟೆಗಳ ನಡುವೆ ಕೂರಿಸಿ ಚಹಾ ಕೊಟ್ಟ. ಹೇಳಿದೆ. ಅವನ ಹೆಂಡತಿ ಪೂರಾನ್ ಬಾಯಿಗೆ ಸ್ಕಾರ್ಫಿನ ತುದಿ ಒತ್ತಿಕೊಂಡಳು.

"ಡಾಕ್ಟರ್ ಏನಂತಾರೆ?" ಮಾಮ ಕೇಳಿದ.

"ಹೇಳಿಬಿಡಿ, ಬೇಕಾದರೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ, ಇಲ್ಲೇ ಹೇಳೋಣ ಅಂದ್ರು."

"ಈ ಜರ್ಮನ್ನರೇ ಹಾಗೆ," ಪೂರಾನ್ ಕಣ್ಣೊರೆಸಿಕೊಂಡಳು. "ಸಾವನ್ನೂ ಅಪಾಯಿಂಟ್‌ಮೆಂಟ್ ಕೊಟ್ಟು ಹೇಳ್ತಾರೆ."

ಮಾಮನ ತೀರ್ಮಾನ — ಹಬ್ಬ ಕಳೆಯಲಿ, ಹದಿಮೂರನೇ ದಿನದ ವನಭೋಜನ ಕಳೆಯಲಿ, ಆಮೇಲೆ ಎಲ್ಲರೂ ಕೂತು ಹೇಳೋಣ. "ಒಬ್ಬಳೇ ಹೇಳೋಕೆ ಹೋಗ್ಬೇಡ ಮಗಳೇ. ಹಬ್ಬಕ್ಕೆ ನಾವೆಲ್ಲ ಬರ್ತೀವಿ. ಯಾರೂ ಸೂತಕದ ಕಪ್ಪು ಬಟ್ಟೆ ಹಾಕಲ್ಲ. ಯಾರ ಬಾಯಿಂದಲೂ ಒಂದು ಮಾತು ಬೀಳಲ್ಲ. ಅದು ನನ್ನ ಜವಾಬ್ದಾರಿ."

ಹಗುರಾಯಿತು. ನನ್ನ ಹೊರೆ ಹತ್ತು ಜನ ಹೊತ್ತ ಹಾಗೆ.

ಮಾರ್ಚ್ 15, ಮಂಗಳವಾರ

ಹಬ್ಬಕ್ಕೆ ಮುಂಚೆ ಬೆಂಕಿ ಹಾರಿ ದಾಟುವ ಸಂಜೆ. ಜನವೆಲ್ಲ ನದೀದಂಡೆಗೆ ಹೋದರು. ಅಕ್ಕ ಬಾಲ್ಕನಿಯಲ್ಲಿ ನೆಲದ ಮೇಲೆ ಮೇಣದ ಬತ್ತಿ ಹಚ್ಚಿಸಿದಳು. ನನ್ನ ತೋಳು ಹಿಡಿದು ದಾಟುತ್ತ ಬೆಂಕಿಗೆ ಹೇಳಿದಳು — ನನ್ನ ಹಳದಿ ನಿನಗೆ, ನಿನ್ನ ಕೆಂಪು ನನಗೆ. ರೋಗ ಬೆಂಕಿಗೆ, ಬಣ್ಣ ಮೈಗೆ.

ಮತ್ತೆ ತಿರುಗಿ ನಿಂತಳು. "ಇನ್ನೊಂದು ಸಲ. ಇದು ಫರಾಮರ್ಜನ ಪಾಲಿಂದು."

ದಾಟಿಸಿದೆ. ಏನು ಮಾಡಲಿ...

ಮಾರ್ಚ್ 18, ಶುಕ್ರವಾರ

ಕಡಲೆಹಿಟ್ಟಿನ ಬಿಸ್ಕತ್ತು. ಹಿಟ್ಟು ಹುರಿದವಳು ನಾನು, ಏಲಕ್ಕಿ, ಸಕ್ಕರೆ ಅಳೆದವಳು ಅವಳು. ನಾಲ್ಕೆಸಳಿನ ಅಚ್ಚು ಅಮ್ಮನ ಕಾಲದ್ದು. ಒಂದೊಂದರ ತಲೆಗೂ ಪಿಸ್ತಾ ಚೂರು.

"ರುಚಿ ನೋಡು."

"ಹೊಟ್ಟೆ ಸರಿಯಿಲ್ಲಕ್ಕ."

ಮೊದಲ ಹಬ್ಬಕ್ಕೆ ಸಾವಿನ ಮನೆಯಲ್ಲಿ ಬಾಯಿ ಸಿಹಿ ಮಾಡಿಕೊಳ್ಳಬಾರದು. ಬಂದವರಿಗೂ ಕಹಿ ಕಾಫಿ, ಅಷ್ಟೇ. ನಮ್ಮೂರಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ನಾಲಿಗೆ ತಾನಾಗಿಯೇ ಒಲ್ಲೆ ಅನ್ನುತ್ತದೆ.

"ಈ ವಯಸ್ಸಲ್ಲಿ ಡಯಟ್ಟಾ? ಯಾರಿಗೆ ತೋರಿಸೋಕೆ?" ಅಂದಳು.

ಮಾರ್ಚ್ 20, ಭಾನುವಾರ, ಮಧ್ಯಾಹ್ನ 3

ಹಬ್ಬದ ಮೇಜು ಸಿದ್ಧ. ಸೇಬು, ಬೆಳ್ಳುಳ್ಳಿ, ಕನ್ನಡಿ, ಮೊಳಕೆಗೆ ಕೆಂಪು ರಿಬ್ಬನ್. ಹೊಸ ವರ್ಷ ನಾಲ್ಕೂವರೆಗೆ ಹುಟ್ಟುತ್ತದೆ. ಅಕ್ಕ ಹಸಿರು ಲಂಗ ಹಾಕಿ ಫೋನ್ ಮಡಿಲಲ್ಲಿಟ್ಟುಕೊಂಡಿದ್ದಾಳೆ.

ಅದೇ ದಿನ, ಸಂಜೆ 7

ಗಳಿಗೆ ಕಳೆಯಿತು. ಫೋನ್ ಸದ್ದು ಮಾಡಲಿಲ್ಲ. ಸಿಗ್ನಲ್ ಇಲ್ಲವಲ್ಲ ಅಂದಳು, ತನಗೇ ಅಂದುಕೊಂಡಂತೆ.

ಸ್ವಲ್ಪ ಹೊತ್ತಿಗೆ ಎಲ್ಲರೂ ಬಂದರು. ಮಾತು ಉಳಿಸಿಕೊಂಡರು. ಮಾಮನಿಗೆ ಕೆಂಪು ಟೈ. ಪೂರಾನ್ ಗುಲಾಬಿ ಬಣ್ಣದ ಸ್ಕಾರ್ಫ್, ತುಟಿಗೂ ಬಣ್ಣ. ಹಾಡು, ಜೋಕು, ಸ್ವಲ್ಪ ಹೆಚ್ಚೇ ನಗು. ಒಬ್ಬರ ಬಾಯಿಂದಲೂ ಒಂದು ಮಾತು ಬೀಳಲಿಲ್ಲ. ಅಡುಗೆಮನೆಯಲ್ಲಿ ಚಹಾ ಸೋಸುತ್ತ ನೆಮ್ಮದಿ ಪಟ್ಟೆ. ಗೆದ್ದೆವು ಅಂದುಕೊಂಡೆ.

ನಾನು ಒಳಗಿದ್ದಾಗ ಬಿಸ್ಕತ್ತಿನ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ತಾನೇ ಹೋದಳಂತೆ, ಅಕ್ಕ ಆಮೇಲೆ ಹೇಳಿದ್ದು. ಮಾಮ, "ಸಕ್ಕರೆ ಕಾಯಿಲೆ ತಾಯಿ." ಪೂರಾನ್, "ಹಲ್ಲುನೋವು." ಉಳಿದವರು, ಆಮೇಲೆ, ಆಮೇಲೆ. ಮಾಮನ ಮೊಮ್ಮಗಳು ಕೈ ಚಾಚಿದಳಂತೆ. ಅವಳಮ್ಮ ಆ ಕೈಗೆ ಫಟ್ಟನೆ ಹೊಡೆದಳಂತೆ.

ಎಲ್ಲರನ್ನೂ ಕೆಳಗಿನವರೆಗೆ ಬಿಟ್ಟು ಬಂದು ನೋಡುತ್ತೇನೆ, ಜೋಡಿಸಿದ್ದು ಜೋಡಿಸಿದಂತೆ ಇದೆ. ತಟ್ಟೆ ಅವಳ ಮಡಿಲಲ್ಲಿ.

"ಉಪ್ಪಾಗಿದೆಯಾ ಬಿಸ್ಕತ್ತು?"

"ಇಲ್ಲಕ್ಕ..."

"ದಾರಾಬನಿಗೆ ಸಕ್ಕರೆ ಕಾಯಿಲೆ ಇವತ್ತಿಂದಾ? ಹೋದ ವರ್ಷ ಕದ್ದು ಜೇಬಿಗೂ ಹಾಕ್ಕೊಂಡಿದ್ದ."

ಎಲ್ಲರ ನಾಲಿಗೆ ಕಟ್ಟಿದ್ದೆವು. ಕೈ ಕಟ್ಟುವುದು ಯಾರಿಗೂ ಹೊಳೆದಿರಲಿಲ್ಲ.

ಒಂದು ಬಿಸ್ಕತ್ತು ಎತ್ತಿದಳು. "ಬಾಯಿ ತೆಗಿ."

ತೆಗೆದೆ. ಇಟ್ಟಳು. ತುಟಿಗೆ ತಾಗಿದರೆ ಕರಗುವ ಪದಾರ್ಥ ಅದು. ನಾಲಿಗೆಯ ಮೇಲೆ ಮರಳಿನ ಹಾಗೆ ಕೂತುಬಿಟ್ಟಿತು. ನುಂಗು, ನುಂಗು ಅಂದುಕೊಂಡೆ. ಗಂಟಲು ಕೇಳಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಗಲ್ಲದ ಕೆಳಗೆ ಅಂಗೈ ಒಡ್ಡಿದಳು, ಚಿಕ್ಕಂದಿನಲ್ಲಿ ಒಡ್ಡುತ್ತಿದ್ದ ಹಾಗೆ.

"ಉಗಿ."

ಉಗಿದೆ.

"ನೀರಲ್ಲೇ ಹೋದ್ನಾ ನನ್ನ ಮಗ?"

ಹೌದೆಂದು ತಲೆಯಾಡಿಸಿದೆ. ಎದೆಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡಳು. ಡಾಕ್ಟರಿಗೆ ಫೋನ್ ಮಾಡಲಾ ಅಂದರೆ ಬೇಡ ಅಂದಳು. ಕಪ್ಪು ಬಟ್ಟೆ ತಾ ಅಂದಳು. ಮೊಳಕೆಯ ತಟ್ಟೆ ಎಳೆದು ರಿಬ್ಬನ್ ಬಿಚ್ಚತೊಡಗಿದಳು.

ಕಪಾಟು ಈ ಕೋಣೆಯಲ್ಲಿದೆ. ಬಟ್ಟೆ ಸಿಕ್ಕಿದೆ. ಮಡಿಲಲ್ಲಿಟ್ಟುಕೊಂಡು ಇಲ್ಲೇ ಕೂತು ಬರೆಯುತ್ತಿದ್ದೇನೆ. ಆಚೆ ಸದ್ದಿಲ್ಲ.

ಈಗ ಕರೆಯುತ್ತಿದ್ದಾಳೆ. ಬಂದೆ ಅಕ್ಕ ಅಂದೆ... ಅಲ್ಲ, ನನ್ನನ್ನಲ್ಲ, ಅವಳು ಕರೆಯುತ್ತಿರುವುದು ಫರಾಮರ್ಜನನ್ನು —